ಬಾದಾಮಿ, ಐಹೊಳೆ, ಪಟ್ಟದಕಲ್ಲು: ಒಂದು ದಿನಕ್ಕೆ ಒಬ್ಬರೇ ಗೈಡ್ ಸಾಕು

ಬಾದಾಮಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪ್ಯಾಕೇಜ್ ಬಸ್ಸಿನಲ್ಲಿ. ಮೂರೂ ಊರು ಸೇರಿ ನಮ್ಮ ಕೈಗೆ ಸಿಕ್ಕಿದ್ದು ನಾಲ್ಕು ಗಂಟೆ. ಮೂರನೇ ಗುಹೆ ತಲುಪುವಷ್ಟರಲ್ಲಿ ಕೆಳಗಿನಿಂದ ಡ್ರೈವರ್ ವಿಷಲ್ ಊದಿದರು. ಆದರೆ ಸೀರೆ ಅಂಗಡಿಯ ಮುಂದೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಮನೆಗೆ ಬಂದು ಫೋಟೊ ನೋಡಿದರೆ ಯಾವ ಗುಡಿ ಯಾವ ಊರಿನದು ಅಂತ ನನಗೇ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು.

ಎರಡನೇ ಸಲ ಹೋಗಿದ್ದು ಕಳೆದ ಡಿಸೆಂಬರಿನಲ್ಲಿ. ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗ, ಮತ್ತೆ ನಮ್ಮಮ್ಮ. ಅಮ್ಮನಿಗೆ 68, ಮಂಡಿನೋವು ಇದೆ. ಆ ಸಲ ಊರಿನವರೇ ಆದ ಒಬ್ಬ ಗೈಡನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಜೊತೆಯಲ್ಲೇ ಕರೆದುಕೊಂಡು ಓಡಾಡಿದೆವು. ಆ ದಿನ ಹೇಗೆ ಹೊಂದಿಸಿಕೊಂಡೆವು ಅನ್ನೋದನ್ನ ಬರೆಯುತ್ತಿದ್ದೇನೆ. ಹೋಗುವವರಿಗೆ ಉಪಯೋಗಕ್ಕೆ ಬರಲಿ.

ಮೊದಲನೆಯದಾಗಿ, ಹಿಂದಿನ ದಿನ ಸಂಜೆಯೇ ಬಾದಾಮಿ ಸೇರಿಕೊಳ್ಳಿ. ರೈಲಿನಲ್ಲಿ ಬಂದರೆ ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ. ಇದೆ, ಆಟೊ ಸಿಗುತ್ತದೆ. ರೂಮಿಗೆ ಚೀಲ ಹಾಕಿ, ಕಾಫಿ ಕುಡಿದು, ಗುಹೆಗಳ ಕಡೆ ಸುಮ್ನೆ ಒಂದು ಸುತ್ತು ಹೋಗಿ. ಟಿಕೆಟ್ ಕೌಂಟರ್ ಹತ್ತಿರ ಗೈಡ್‌ಗಳು ಇರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ ಅಂತ ಕೇಳಿ, ತೋರಿಸುತ್ತಾರೆ. ಆಮೇಲೆ ಹತ್ತು ನಿಮಿಷ ಮಾತಾಡಿ. ನಾನು ಇಬ್ಬರನ್ನು ಮಾತಾಡಿಸಿದೆ. ಮೊದಲನೆಯವರು ಎಷ್ಟು ಗುಡಿ ತೋರಿಸುತ್ತೇನೆ ಅಂತ ಲೆಕ್ಕ ಕೊಟ್ಟರು. ಎರಡನೆಯವರು ವಯಸ್ಸಾದವರು. ಅಮ್ಮನ ಕಾಲನ್ನು ನೋಡಿ, "ಅಮ್ಮಾರಿಗೆ ಎಲ್ಲೆಲ್ಲಿ ಕೂಡಸೂಣು ಅನ್ನೂದು ಮೊದಲ ನೋಡೂಣ್ರಿ" ಅಂದರು. ನಾನು ಅಲ್ಲೇ ಒಪ್ಪಿಕೊಂಡೆ.

ಮಾತು ಮುಗಿಯುವ ಮೊದಲು ಇಷ್ಟನ್ನು ಇತ್ಯರ್ಥ ಮಾಡಿಕೊಳ್ಳಿ: ಮೂರು ಊರಿಗೂ ಸೇರಿ ಒಟ್ಟು ಎಷ್ಟು ದುಡ್ಡು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿತಾಯ, ಅವರ ಊಟ ಯಾರದು (ನಮ್ಮ ಜೊತೆಗೇ ಉಣ್ಣಲಿ ಅನ್ನೋದು ನನ್ನ ಅಭಿಪ್ರಾಯ), ದಾರಿಯಲ್ಲಿ ಅಂಗಡಿಗೆ ನಿಲ್ಲಿಸಬೇಕಾ ಬೇಡವಾ. ಇನ್ನೊಂದು ಸಂಗತಿ ಎಲ್ಲರೂ ಮರೆಯುತ್ತಾರೆ. ಕಾರಿನಲ್ಲಿ ಗೈಡ್‌ಗೂ ಒಂದು ಸೀಟು ಬೇಕು! ನಾವು ನಾಲ್ಕು ಜನ, ಡ್ರೈವರ್ ಒಬ್ಬರು, ಗೈಡ್ ಒಬ್ಬರು. ಚಿಕ್ಕ ಕಾರು ಆಗುವುದಿಲ್ಲ. ದೊಡ್ಡ ಗಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ದಾರಿಯುದ್ದಕ್ಕೂ ಅವರ ಮಾತು ಸಿಗುತ್ತದೆ. ಅರ್ಧ ಕಥೆ ನಾವು ಕೇಳಿದ್ದು ಗಾಡಿಯಲ್ಲೇ.

ಊರಿಗೊಬ್ಬ ಗೈಡ್ ಯಾಕೆ ಬೇಡ ಅಂದರೆ, ಪ್ರತಿಯೊಬ್ಬರೂ ಮತ್ತೆ ಬಾದಾಮಿ ಚಾಲುಕ್ಯರ ಮೊದಲ ದೊಡ್ಡ ರಾಜ ಒಂದನೇ ಪುಲಿಕೇಶಿಯಿಂದ ಶುರು ಮಾಡುತ್ತಾರೆ. ಒಬ್ಬರೇ ಇದ್ದರೆ ಬೆಳಿಗ್ಗೆ ಹೇಳಿದ್ದಕ್ಕೆ ಸಂಜೆ ಗಂಟು ಹಾಕುತ್ತಾರೆ. ಈ ಮೂರು ಊರಿನ ಕಥೆ ಚಾಲುಕ್ಯರ ಒಂದೇ ಕಥೆ ತಾನೆ?

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗುಹೆ ಹತ್ತಿ. ಬಿಸಿಲು ಇರುವುದಿಲ್ಲ, ಜನ ಇರುವುದಿಲ್ಲ. ಕೋತಿಗಳು ಮಾತ್ರ ಇರುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಬಿಸ್ಕತ್ತು, ಜ್ಯೂಸ್ ಬಾಟಲಿ ಯಾವುದೂ ಬೇಡ. ಎಲ್ಲ ಬೆನ್ನ ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ.

ನಾಲ್ಕು ಗುಹೆಗಳಲ್ಲಿ ಒಂದನೆಯದು ಶಿವನದು, ಎರಡು ಮತ್ತು ಮೂರು ವಿಷ್ಣುವಿನವು, ನಾಲ್ಕನೆಯದು ಜೈನರದು. ಮಂಡಿನೋವಿನವರು ಒಂದನೇ ಗುಹೆಯವರೆಗೆ ನಿಧಾನಕ್ಕೆ ಹತ್ತಬಹುದು. ಅಮ್ಮ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಅಗಸ್ತ್ಯ ತೀರ್ಥದ ಕೆರೆ ನೋಡುತ್ತಿದ್ದರು. ಅಲ್ಲಿ ಹದಿನೆಂಟು ಕೈಯ ನಟರಾಜ ಇದ್ದಾನೆ. ನಾನು ಗಣಿತದ ಟೀಚರ್, ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಗೈಡ್ ಮಗನನ್ನು ಕರೆದು, ಬಲಗಡೆಯ ಒಂದು ಕೈಯನ್ನೂ ಎಡಗಡೆಯ ಒಂದು ಕೈಯನ್ನೂ ಜೋಡಿ ಮಾಡಿ ಹೇಳು, ಎಷ್ಟು ಭಂಗಿ ಆಗುತ್ತವೆ ಅಂದರು. ಅವನು ಬೆರಳು ಎಣಿಸಿ "81" ಅಂದ. ನನ್ನ ಪಾಠದಲ್ಲಿ ಇಷ್ಟು ಖುಷಿಯಾಗಿ ಅವನು ಯಾವತ್ತೂ ಉತ್ತರ ಕೊಟ್ಟಿಲ್ಲ.

ಅದೇ ಗುಹೆಯಲ್ಲಿ ದ್ವಾರಪಾಲಕನ ಕಾಲ ಕೆಳಗೆ ಒಂದು ಚಿಕ್ಕ ಕೆತ್ತನೆ ಇದೆ. ಮೊದಲ ಸಲ ನಾನು ಅದರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದಿದ್ದೆ, ಅದನ್ನು ನೋಡಿಯೇ ಇರಲಿಲ್ಲ. ಎರಡು ಪ್ರಾಣಿ, ಒಂದೇ ತಲೆ. "ಅಕ್ಕಾರ, ಒಂದು ಕಡೆ ಅಂಗೈ ಅಡ್ಡ ಹಿಡೀರಿ" ಅಂದರು ಗೈಡ್. ಹಿಡಿದೆ. ಆನೆ ಕಾಣಿಸಿತು, ಸೊಂಡಿಲು ಮೇಲೆತ್ತಿದ ಆನೆ. "ಈಗ ಇನ್ನೊಂದು ಕಡೆ ಹಿಡೀರಿ." ಆನೆ ಹೋಯಿತು, ಗೂಳಿ ಬಂತು. ಒಂದು ಗೆರೆಯನ್ನೂ ಹೆಚ್ಚಿಗೆ ಕೆತ್ತಿಲ್ಲ. ನಾವು ಮೂರೂ ಜನ ಅಂಗೈ ಅಡ್ಡ ಹಿಡಿದು ಅಲ್ಲೇ ಎಷ್ಟೋ ಹೊತ್ತು ನಿಂತೆವು. ಗೈಡ್ ಅವಸರ ಮಾಡಲಿಲ್ಲ.

ಮೂರನೇ ಗುಹೆ ನಾಲ್ಕರಲ್ಲೂ ದೊಡ್ಡದು. ಚಾಲುಕ್ಯರ ಮಂಗಳೇಶನ ಶಾಸನ ಇರುವುದರಿಂದ ಅದರ ಕಾಲ ಖಚಿತ: ಶಕ 500, ಅಂದರೆ ಕ್ರಿ.ಶ. 578. ಅಲ್ಲಿ ಗೈಡನ್ನು ಕೇಳಿ ಕನ್ನಡ ಶಾಸನವನ್ನೂ ನೋಡಿ. ಆದಿಶೇಷನ ಮೇಲೆ ಕೂತ ವಿಷ್ಣು, ವರಾಹ, ತ್ರಿವಿಕ್ರಮ, ಎಲ್ಲವೂ ಆಳೆತ್ತರದ ಕೆಲಸ. ಎಲ್ಲದಕ್ಕೂ ಸಮಯ ಹಂಚಬೇಡಿ. ನಾವು ತ್ರಿವಿಕ್ರಮನ ಮುಂದೆ ಮಾತ್ರ ಹೆಚ್ಚು ಹೊತ್ತು ನಿಂತೆವು.

ಕೆಳಗಿಳಿದು ತಿಂಡಿ ಮುಗಿಸಿ, ಕೆರೆಯ ಆಚೆ ದಡಕ್ಕೆ ಹೋದೆವು. ಅಮ್ಮನೂ ಯಜಮಾನರೂ ಮ್ಯೂಸಿಯಂ ನೋಡಲು ಉಳಿದರು. (ಶುಕ್ರವಾರ ಅದಕ್ಕೆ ರಜೆ, ನಿಮ್ಮ ದಿನ ಆರಿಸುವಾಗ ನೆನಪಿರಲಿ. ಐಹೊಳೆಯ ಮ್ಯೂಸಿಯಂ ಕೂಡ ಅಷ್ಟೇ.) ನಾನೂ ಮಗನೂ ಗೈಡ್ ಹಿಂದೆ ಬಂಡೆಯ ಕಡೆ ನಡೆದೆವು. ಅಲ್ಲಿರುವುದು ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ, ಸುಮಾರು ಕ್ರಿ.ಶ. 700ರದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇರುವುದು ಇದರಲ್ಲೇ. ಪ್ಯಾಕೇಜ್ ಬಸ್ಸುಗಳು ಇಲ್ಲಿಗೆ ಕರೆತರುವುದಿಲ್ಲ, ಗೈಡ್‌ಗೆ ನೀವೇ ಹೇಳಬೇಕು. ಅಕ್ಷರ ಹಳೆಯದು, ನಮ್ಮ ಕಣ್ಣಿಗೆ ಓದಲು ಬರುವುದಿಲ್ಲ. ಗೈಡ್ ಕಲ್ಲನ್ನು ಮುಟ್ಟದೆ, ಗಾಳಿಯಲ್ಲಿ ಬೆರಳು ಓಡಿಸುತ್ತಾ ಒಂದೊಂದೇ ಪದ ಹೇಳಿದರು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಪ್ರೀತಿಯಿಂದ ಬಂದವರಿಗೆ ಪ್ರೀತಿ, ಕಾಟ ಕೊಟ್ಟರೆ ಮಾತ್ರ ಬಿಡುವವನಲ್ಲ. ಮಗ ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡ. 1300 ವರ್ಷದ ಹಿಂದಿನ ಕನ್ನಡ, ಅರ್ಧಕ್ಕರ್ಧ ಹಾಗೇ ಅರ್ಥ ಆಗುತ್ತದೆ! ನನಗೆ ಕಣ್ಣು ತುಂಬಿ ಬಂತು.

ಹತ್ತು ಗಂಟೆಗೆ ಬಾದಾಮಿ ಬಿಡಿ. 22 ಕಿ.ಮೀ. ಹೋದರೆ ಪಟ್ಟದಕಲ್ಲು ಸಿಗುತ್ತದೆ. ಇಳಿಯಬೇಡಿ. ಮುಂದೆ ಐಹೊಳೆಗೆ ಹೋಗಿ, ವಾಪಸ್ ಬರುವಾಗ ಪಟ್ಟದಕಲ್ಲು ನೋಡಿ. ಕಥೆಯ ಕ್ರಮವೂ ಅದೇ, ಬಿಸಿಲಿಗೂ ಅದೇ ಅನುಕೂಲ.

ಐಹೊಳೆಯಲ್ಲಿ ಮೊದಲು ಮೇಗುತಿ ಗುಡ್ಡ. ಮಧ್ಯಾಹ್ನ ಆದರೆ ಆ ಕಲ್ಲಿನ ಕಾವು ತಡೆಯಲು ಆಗುವುದಿಲ್ಲ. ಮೇಲಿರುವುದು ಕ್ರಿ.ಶ. 634ರ ಜೈನ ದೇವಾಲಯ. ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಿಕೇಶಿ ಕನೌಜಿನ ಹರ್ಷನನ್ನು ಸೋಲಿಸಿದ್ದು ಇಲ್ಲೇ ಬರೆದಿದೆ. ಯುದ್ಧದಲ್ಲಿ ಹರ್ಷನ ಹರ್ಷವೇ ಹೋಯಿತು ಅಂತ ರವಿಕೀರ್ತಿ ಪದದಾಟ ಆಡಿದ್ದಾನೆ. ತನ್ನನ್ನು ಕಾಳಿದಾಸ, ಭಾರವಿಗಳಿಗೆ ಸಮ ಅಂತಲೂ ಹೇಳಿಕೊಂಡಿದ್ದಾನೆ. ಶಾಲೆಯ ಪುಸ್ತಕದಲ್ಲಿ "ಐಹೊಳೆ ಶಾಸನ" ಅಂತ ಎರಡು ಅಂಕದ ಪ್ರಶ್ನೆ ಬರುತ್ತದಲ್ವಾ, ಅದು ಈ ಗೋಡೆ. ಮಕ್ಕಳಿದ್ದರೆ ಇಲ್ಲಿಗೆ ಹತ್ತಿಸಲೇಬೇಕು.

ಅಮ್ಮ ಗುಡ್ಡ ಹತ್ತಲಿಲ್ಲ. ಅವರನ್ನು ಮೊದಲೇ ದುರ್ಗ ಗುಡಿಯ ಬಳಿ ಮರದ ನೆರಳಲ್ಲಿ ಕೂಡಿಸಿದ್ದೆವು. ಈ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಹತ್ತಿರ ಇದ್ದ ಕೋಟೆಯಿಂದ, ಅಂದರೆ ದುರ್ಗದಿಂದ. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ. ಸುತ್ತಲೂ ಕಂಬದ ಸಾಲಿನ ಮೊಗಸಾಲೆ. ನೆರಳಲ್ಲೇ ಪ್ರದಕ್ಷಿಣೆ ಬರಬಹುದು, ಅಮ್ಮನಿಗೆ ಇದು ತುಂಬಾ ಹಿಡಿಸಿತು. ಪಕ್ಕದ ಲಾಡಖಾನ್ ಗುಡಿಯಲ್ಲಿ ತಲೆ ಎತ್ತಿ ಸೂರು ನೋಡಿ. ಚಪ್ಪಡಿಗಳ ಸಂದಿಯ ಮೇಲೆ ಮರದ ದಿಮ್ಮಿಯ ಹಾಗೆ ಉದ್ದ ಕಲ್ಲು ಜೋಡಿಸಿದ್ದಾರೆ. ಮರದ ಮನೆ ಕಟ್ಟಿ ಅಭ್ಯಾಸ ಇದ್ದ ಕೈಗಳು ಕಲ್ಲಿನಲ್ಲೂ ಅದನ್ನೇ ಮಾಡಿವೆ. ಸಮಯ ಉಳಿದರೆ ರಾವಣಫಡಿ ಗುಹೆ. ಐಹೊಳೆಯಲ್ಲಿ ನೂರಕ್ಕೂ ಜಾಸ್ತಿ ಗುಡಿಗಳಿವೆ. ನಾವು ನೋಡಿದ್ದು ನಾಲ್ಕೇ ನಾಲ್ಕು. ಅಷ್ಟು ಸಾಕು.

ಐಹೊಳೆಯಲ್ಲಿ ಹೋಟೆಲ್ ಕಡಿಮೆ. ಬೆಳಿಗ್ಗೆಯೇ ಬಾದಾಮಿಯ ಖಾನಾವಳಿಯಲ್ಲಿ ಬುತ್ತಿ ಕಟ್ಟಿಸಿಕೊಳ್ಳಿ. ನಮಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕೊಟ್ಟಿದ್ದರು. ಗೈಡ್ ಮನೆಯಿಂದ ಹಸಿ ಈರುಳ್ಳಿ ತಂದಿದ್ದರು, ಕೈಯಲ್ಲೇ ಗುದ್ದಿ ಒಡೆದು ಎಲ್ಲರಿಗೂ ಹಂಚಿದರು.

ಮೂರು ಗಂಟೆ ಹೊತ್ತಿಗೆ ಪಟ್ಟದಕಲ್ಲು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಇದು. ನೆಲ ಸಮತಟ್ಟು, ಹುಲ್ಲುಹಾಸು, ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಳಗೆ ಹೋದ ಕೂಡಲೇ ಗೈಡ್‌ಗೆ ಹೇಳಿ, ಉತ್ತರ ಭಾರತದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಎರಡೂ ಒಟ್ಟಿಗೆ ಕಾಣುವ ಕಡೆ ನಿಲ್ಲಿಸಿ ಅಂತ. ಗಳಗನಾಥದ್ದು ಬಳುಕಿ ಮೇಲೇರುವ ಶಿಖರ. ವಿರೂಪಾಕ್ಷದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವುದು. ವ್ಯತ್ಯಾಸ ಒಂದು ಸಲ ಕಣ್ಣಿಗೆ ಹತ್ತಿದರೆ ಮತ್ತೆ ಯಾವ ಊರಿಗೆ ಹೋದರೂ ಗುರುತು ಹಿಡಿಯುತ್ತೀರಿ.

ಇಲ್ಲಿಗೆ ಬಂದಾಗಲೇ ಕಥೆ ಕೂಡಿಕೊಳ್ಳುವುದು. ಬೆಳಿಗ್ಗೆ ಮೇಗುತಿಯ ಗೋಡೆಯಲ್ಲಿ ಗೆದ್ದು ನಿಂತಿದ್ದ ಪುಲಿಕೇಶಿಯ ಬಾದಾಮಿಯನ್ನು 642ರಲ್ಲಿ ಕಂಚಿಯ ಪಲ್ಲವರ ರಾಜ ನರಸಿಂಹವರ್ಮ ಹಿಡಿದುಕೊಂಡ. ಅದಾಗಿ ನೂರು ವರ್ಷದ ಹೊತ್ತಿಗೆ ಪುಲಿಕೇಶಿಯ ವಂಶದ ಎರಡನೇ ವಿಕ್ರಮಾದಿತ್ಯ ಕಂಚಿಗೆ ಹೋಗಿ ಗೆದ್ದ. ಆದರೆ ಊರನ್ನು ಹಾಳು ಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗಂತ ಕಂಚಿಯ ಆ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾನೆ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಕಟ್ಟಿಸಿದಳು. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದ ಮಲ್ಲಿಕಾರ್ಜುನ ಕಟ್ಟಿಸಿದಳು. ಗೈಡ್ ಇದನ್ನು ಹೇಳುವಾಗ ಅಮ್ಮ ಬಾಯಿ ಬಿಟ್ಟು ಕೇಳುತ್ತಿದ್ದರು. "ಇಬ್ಬರೂ ಅಕ್ಕತಂಗಿಯರಂತೆ ಇದ್ದರಾ?" ಅಂತ ಕೇಳಿದರು. ಅಕ್ಕತಂಗಿಯರೇ ಅಂತ ಹೇಳುತ್ತಾರೆ ಅಂದರು ಗೈಡ್.

ಪೂರ್ವದ ಬಾಗಿಲ ಹತ್ತಿರ ಶಾಸನದಲ್ಲಿ ಶಿಲ್ಪಿಯ ಹೆಸರೂ ಇದೆ: ಗುಂಡ ಅನಿವಾರಿತಾಚಾರಿ. ರಾಜ ಅವನಿಗೆ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟ. ಈ ಹೆಸರನ್ನು ಕೇಳದೆ ಬರಬೇಡಿ. ಇಷ್ಟೆಲ್ಲ ನೋಡಿ, ಮಾಡಿದವನ ಹೆಸರು ತಿಳಿಯದಿದ್ದರೆ ಹೇಗೆ?

ವಿರೂಪಾಕ್ಷದಲ್ಲಿ ಈಗಲೂ ಪೂಜೆ ನಡೆಯುತ್ತದೆ. ಚಪ್ಪಲಿ ಹೊರಗೆ. ಮಧ್ಯಾಹ್ನದ ಕಲ್ಲು ಕಾದಿರುತ್ತದೆ, ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿರಿ. ಒಳಗೆ ಕತ್ತಲು. ಕಂಬಗಳ ಮೇಲೆ ರಾಮಾಯಣ, ಮಹಾಭಾರತ ಎಲ್ಲ ಇದೆ, ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ನಾನು ಮೊಬೈಲ್ ಟಾರ್ಚ್ ನೇರವಾಗಿ ಬಿಟ್ಟೆ, ಎಲ್ಲ ಚಪ್ಪಟೆಯಾಗಿ ಬೆಳ್ಳಗೆ ಕಂಡಿತು. ಗೈಡ್ ಫೋನ್ ಇಸಿದುಕೊಂಡು, ಕಂಬಕ್ಕೆ ಆತುಕೊಂಡು, ಪಕ್ಕದಿಂದ ಬೆಳಕು ಹಿಡಿದರು. ಕೆತ್ತನೆಯ ಒಂದು ಬದಿಗೆ ನೆರಳು ಬಿತ್ತು. ಬೊಂಬೆಗಳು ಕಲ್ಲಿನಿಂದ ಎದ್ದು ಬಂದವು. ಬೆರಳಿನ ಉಗುರಿನಷ್ಟು ಮುಖಗಳಲ್ಲಿ ಕಣ್ಣು, ಮೂಗು ಎಲ್ಲ ಕಾಣಿಸಿತು. ನೀವೂ ಹೀಗೇ ಹಿಡಿಯಿರಿ. ಹೊರಗೆ ಬರುವಾಗ ಮುಖಮಂಟಪದ ಸೂರಿನಲ್ಲಿರುವ ಸೂರ್ಯನನ್ನು ಮರೆಯಬೇಡಿ.

ಐದೂವರೆಗೆ ಮುಗಿಸಿ, ಮಲಪ್ರಭೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತು ಬಾದಾಮಿಗೆ ವಾಪಸಾದೆವು. ಮಾತಾಡಿದ ದುಡ್ಡನ್ನು ಗೈಡ್ ಕೈಗೆ ಕೊಟ್ಟು, ಮೇಲೆ ಸ್ವಲ್ಪ ಸೇರಿಸಿದೆ. ಇಡೀ ದಿನ ಬಿಸಿಲಲ್ಲಿ ನಿಂತು ಮಾತಾಡುವುದು ಎಷ್ಟು ಕಷ್ಟ ಅಂತ ಪಾಠ ಮಾಡುವ ನನಗೆ ಗೊತ್ತು. ಕೊನೆಯಲ್ಲಿ ಚೌಕಾಸಿ ಮಾಡಬೇಡಿ.

ಅದೇ ರಾತ್ರಿಯ ರೈಲಿಗೆ ಓಡಬೇಡಿ. ಇನ್ನೊಂದು ರಾತ್ರಿ ಉಳಿದರೆ ಮರುದಿನ ಬೆಳಿಗ್ಗೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಬಹುದು. ಅದಕ್ಕೆ ಗೈಡ್ ಬೇಕಿಲ್ಲ. ಹೊಂಡದ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕುಡಿಕೆಯಲ್ಲಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಅಮ್ಮ ಒಬ್ಬರ ಪಕ್ಕ ಕಾಲು ಚಾಚಿ ಕೂತು ರೊಟ್ಟಿ ತಿಂದರು. ಮಗ ಆಕೆಗೆ ಕಪ್ಪೆ ಅರಭಟ್ಟನ ತ್ರಿಪದಿ ಹೇಳಿ ತೋರಿಸಿದ. ಆಕೆ ಕೇಳಿ, ಇನ್ನೊಂದು ಚಮಚ ಮೊಸರು ಹಾಕಿದರು.