ಗುಡ್ಡೆಯ ಹೊಗೆಯಲ್ಲಿ ಗೇರುಬೀಜ ಹೆಕ್ಕುವಾಗ

ಮಾರ್ಚ್ ಬಂದರೆ ನಮ್ಮ ಪೆರ್ಲದ ಕಡೆ ಮುಳಿಹುಲ್ಲು ಒಣಗಿ ಗುಡ್ಡೆಗೆ ಬೆಂಕಿ ಬೀಳುವುದುಂಟು. ಗೇರುಬೀಜ ಹೆಕ್ಕುವ ಕಾಲವೂ ಅದೇ. ಮೊದಲೆಲ್ಲ ನಾನು ಬೈರಾಸು (ಟವೆಲ್) ಒದ್ದೆ ಮಾಡಿ ಮೂಗಿಗೆ ಕಟ್ಟುತ್ತಿದ್ದೆ. ಅದು ಬೂದಿಯನ್ನು ತಡೆದೀತು, ಹೊಗೆಯ ಸಣ್ಣ ಕಣಗಳನ್ನಲ್ಲ. ಎರಡು ದಿನ ಕೆಮ್ಮಿ ಕೆಮ್ಮಿ ಎದೆ ನೋವು ಬಂದ ಮೇಲೆ ಎನ್‌95 ಮಾಸ್ಕ್ ತಂದೆ. ಮೂಗಿನ ಮೇಲಿನ ತಂತಿ ಒತ್ತಿ, ಬದಿಯಿಂದ ಗಾಳಿ ನುಸುಳದ ಹಾಗೆ ಹಾಕಬೇಕು. ಗಡ್ಡ ಬಿಟ್ಟವರಿಗೆ ಸರಿಯಾಗಿ ಕೂರುವುದಿಲ್ಲ.

ಬೆಳಿಗ್ಗೆ ಹೊಗೆ ತಗ್ಗಿನಲ್ಲೇ ನಿಂತಿರುತ್ತದೆ. ಎದುರು ಗುಡ್ಡೆಯ ಮರಗಳು ಬಿಡಿಬಿಡಿಯಾಗಿ ಕಂಡ ಮೇಲೆ ಹೊರಡಿ. ಉಬ್ಬಸದವರು, ಬಸುರಿಯರು ಹೋಗಲೇಬೇಡಿ; ಬಿದ್ದ ಬೀಜ ನಾಳೆಯೂ ಅಲ್ಲೇ ಇರುತ್ತದೆ.

ನೈಲಾನ್ ಸೀರೆ ಬೇಡ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆಯೇ ಆಗಬೇಕು.

ಬೆಂಕಿಗೆ ಏರಿನಲ್ಲಿ ವೇಗ ಹೆಚ್ಚು. ಉರಿ ಕೆಳಗಿದ್ದರೆ ಮೇಲಕ್ಕೆ ಓಡಬೇಡಿ. ಅಡ್ಡಕ್ಕೆ ಸರಿದು ಹುಲ್ಲಿಲ್ಲದ ಮುರಕಲ್ಲಿನ ಪಾದೆಗೋ (ಕೆಂಪುಕಲ್ಲಿನ ಬಂಡೆ), ಆಗಲೇ ಸುಟ್ಟು ಆರಿದ ಜಾಗಕ್ಕೋ ಹೋಗಿ. ಬೀಜದ ಬುಟ್ಟಿ ಅಲ್ಲೇ ಬಿಡಿ. ಅಗ್ನಿಶಾಮಕ ದಳದ 101ಕ್ಕೆ ಫೋನು ಮಾಡುವಾಗ ಹತ್ತಿರದ ದೈವಸ್ಥಾನದ ಹೆಸರು ಹೇಳಿ, ಬರುವವರಿಗೆ ದಾರಿ ಬೇಗ ಸಿಗುತ್ತದೆ.