ಕುರಿ ಕಾಯುವವರ ಕೋಲು, ನನ್ನ ಮೊನೊಪಾಡ್

ಕಗ್ಗಲಡು ಗೊತ್ತಲ್ವಾ? ಶಿರಾದಿಂದ ಎಂಟೊಂಬತ್ತು ಕಿಲೋಮೀಟರ್. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ಕೊಟ್ಟಿಗೆ, ಬಟ್ಟೆ ಒಣಗುವ ತಂತಿ. ಮೇಲೆ ಹಕ್ಕಿಗಳ ಇನ್ನೊಂದು ಊರು. ನಾನು ತುಮಕೂರಿನವಳು. ರಜೆ ಸಿಕ್ಕ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಶಿರಾಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿಯುವುದು ರೂಢಿ. ಮೊನೊಪಾಡ್, ಅಂದರೆ ಕ್ಯಾಮೆರಾ ಹೊರುವ ಒಂಟಿ ಕಾಲಿನ ಕೋಲು, ಬೇಕೇ ಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲೇ, ಒಂದು ಹುಣಸೆ ಮರದ ಕೆಳಗೆ.

ಬಿಸಿಲು ಏರಿದಾಗ ತಾಯಿ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಮಾಡುತ್ತದೆ. ಆ ಫೋಟೋ ನನಗೆ ಬೇಕಿತ್ತು. ಅದು ಯಾವಾಗ ರೆಕ್ಕೆ ಬಿಚ್ಚುತ್ತದೋ ಹೇಳೋಕಾಗಲ್ಲ. ಕ್ಯಾಮೆರಾ ಕಣ್ಣಿಗೆ ಇಟ್ಟುಕೊಂಡೇ ಕಾಯಬೇಕು. ನನ್ನದು ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 150-600 ಎಂ.ಎಂ. ಲೆನ್ಸ್, ಅದೇ ಹತ್ತಿರ ಹತ್ತಿರ ಎರಡು ಕೆ.ಜಿ. ಕ್ಯಾಮೆರಾ ಬೇರೆ. ಐದು ನಿಮಿಷಕ್ಕೆ ತೋಳು ನಡುಗೋಕೆ ಶುರು. ಕೈ ಇಳಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ರೆಕ್ಕೆ ಬಿಚ್ಚಿ ಮುಚ್ಚಿತ್ತು. ಎರಡು ಸಲ ಹೀಗೇ ಆಯಿತು.

ಟ್ರೈಪಾಡ್ ನನ್ನ ಹತ್ತಿರ ಇತ್ತು. ಆದರೆ ಬಸ್ಸಿನಲ್ಲಿ ಅದನ್ನು ಹೊತ್ತು ತರುವುದು ಕಷ್ಟ. ಹಳ್ಳಿಯ ಓಣಿಯಲ್ಲಿ ಮೂರು ಕಾಲು ಅಗಲಿಸಿ ಇಟ್ಟರೆ ದನ, ಮಕ್ಕಳು, ಬೈಕು ಎಲ್ಲಕ್ಕೂ ಅಡ್ಡ. ಹಕ್ಕಿ ಈ ಕೊಂಬೆಯಿಂದ ಆ ಕೊಂಬೆಗೆ ಹಾರಿದರೆ ಮತ್ತೆ ಮೂರೂ ಕಾಲು ಎತ್ತಿ ಹೂಡಬೇಕು.

ಮೊದಲ ಮೊನೊಪಾಡನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಸಾವಿರದ ಇನ್ನೂರು ರೂಪಾಯಿಗೆ. ಹಗುರವಾಗಿತ್ತು, ಫೋಟೋದಲ್ಲಿ ಚೆನ್ನಾಗಿತ್ತು. ಎರಡನೇ ವಾರ, ಒಂದರೊಳಗೊಂದು ಕೂರುವ ತುಂಡುಗಳನ್ನು ಹಿಡಿದಿಡುವ ಲಾಕುಗಳಲ್ಲಿ ಕೆಳಗಿನದು ಸಡಿಲವಾಯಿತು. ನಾನು ಮೇಲೆ ನೋಡುತ್ತಾ ನಿಂತಿದ್ದಾಗ ಕೋಲು ಸರಕ್ಕನೆ ಒಳಗೆ ಇಳಿದು, ಲೆನ್ಸಿನ ಮೂತಿಗೆ ಹಾಕುವ ಹುಡ್ ಪಕ್ಕದ ಕಲ್ಲಿಗೆ ಬಡಿಯಿತು. ಹುಡ್ ಇದ್ದದ್ದಕ್ಕೆ ಗಾಜು ಉಳಿಯಿತು. ಆಮೇಲೆ ಡಬ್ಬಿ ತೆಗೆದು ಓದಿದರೆ ಅದು ತಡೆಯುವ ತೂಕ ಒಂದೂವರೆ ಕೆ.ಜಿ. ಕೊಳ್ಳುವ ಮುಂಚೆ ಓದಬೇಕಾದ ಸಾಲು ಅದು. ಈಗ ಯಾರು ಕೇಳಿದರೂ ಹೇಳುವುದು ಇಷ್ಟೇ: ಕ್ಯಾಮೆರಾ, ಲೆನ್ಸ್ ಎರಡನ್ನೂ ತೂಕ ಮಾಡಿ, ಅದರ ಎರಡರಷ್ಟಾದರೂ ತಡೆಯುವ ಕೋಲು ತಗೊಳ್ಳಿ. ಯಾಕಂದರೆ ಕೋಲಿನ ಮೇಲೆ ಬೀಳುವುದು ಕ್ಯಾಮೆರಾ ಭಾರ ಮಾತ್ರ ಅಲ್ಲ. ನಮ್ಮ ಮೈ ಭಾರವೂ ಸ್ವಲ್ಪ ಬೀಳುತ್ತದೆ.

ಎರಡನೇ ಸಲ ಅಂಗಡಿಗೇ ಹೋದೆ, ಬೆಂಗಳೂರಿಗೆ. ಕ್ಯಾಮೆರಾ, ದೊಡ್ಡ ಲೆನ್ಸ್ ಜೊತೆಗೆ ತಗೊಂಡು ಹೋಗಿದ್ದೆ. ಪ್ರತಿ ಕೋಲನ್ನೂ ಪೂರ್ತಿ ಎಳೆದು, ಲಾಕ್ ಹಾಕಿ, ಎರಡೂ ಕೈಯಿಂದ ಕೆಳಕ್ಕೆ ಒತ್ತಿದೆ. ಕೂದಲೆಳೆಯಷ್ಟು ಜಾರಿದರೂ ವಾಪಸ್ ಇಟ್ಟೆ. ತಿರುಚಿಯೂ ನೋಡಿದೆ. ಲಾಕುಗಳಲ್ಲಿ ಎರಡು ಬಗೆ. ಒಂದು ಚಿಮಟದ ಹಾಗೆ ಟಕ್ ಅಂತ ಮುಚ್ಚುವ ಕ್ಲಿಪ್. ಇನ್ನೊಂದು ತಿರುಗಿಸಿ ಬಿಗಿ ಮಾಡುವುದು. ಕ್ಲಿಪ್ ಬೇಗ ಆಗುತ್ತದೆ, ಮುಚ್ಚಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ತಿರುಗಿಸುವುದು ಸೀರೆ ಸೆರಗಿಗೆ, ಬ್ಯಾಗಿನ ದಾರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ನಾನು ಕ್ಲಿಪ್ಪಿನದ್ದೇ ತಗೊಂಡೆ. ಸಡಿಲವಾದರೆ ಬಿಗಿ ಮಾಡೋಕೆ ಅದರಲ್ಲಿ ಒಂದು ಪುಟ್ಟ ಸ್ಕ್ರೂ ಇದೆ, ಕೀ ಕೂಡ ಜೊತೆಗೇ ಕೊಟ್ಟರು.

ಎತ್ತರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬಂದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಎದುರಿಗಿರುವ ಜಿಂಕೆಗೆ ಅದು ಸಾಕು. ಮರದ ಮೇಲಿನ ಗೂಡಿಗೆ ಸಾಕಾಗಲ್ಲ. ಲೆನ್ಸಿನ ಮೂತಿ ಮೇಲಕ್ಕೆ ಎದ್ದಾಗ ಕ್ಯಾಮೆರಾದ ಹಿಂಭಾಗ ಕೆಳಗೆ ಇಳಿಯುತ್ತದೆ. ನಮ್ಮ ಕಣ್ಣೂ ಅದರ ಜೊತೆ ಇಳಿಯಬೇಕು. ಗಂಟೆಗಟ್ಟಲೆ ಹಾಗೆ ಮಂಡಿ ಬಗ್ಗಿಸಿ ನಿಂತರೆ ಸೊಂಟ ಹೋಗುತ್ತದೆ. ಅದಕ್ಕೇ ಅಂಗಡಿಯಲ್ಲಿ ನಾನು ಲೆನ್ಸನ್ನು ಚಾವಣಿಯ ಫ್ಯಾನಿನ ಕಡೆಗೆ ತಿರುಗಿಸಿ ನೋಡಿದೆ. ನನ್ನ ಕಣ್ಣಿನ ಎತ್ತರಕ್ಕಿಂತ ಒಂದು ಗೇಣು ಜಾಸ್ತಿ ಇರುವುದು ಬೇಕಾಯಿತು. ಇಳಿಜಾರಿನಲ್ಲಿ ಕೋಲಿನ ತುದಿ ನಮ್ಮ ಕಾಲಿಗಿಂತ ಕೆಳಗೆ ಊರಬೇಕಾಗುತ್ತದೆ. ಅಲ್ಲೂ ಆ ಗೇಣು ಕೆಲಸಕ್ಕೆ ಬರುತ್ತದೆ.

ಐದು ತುಂಡಿನದು ಮಡಚಿದರೆ ಚಿಕ್ಕದು, ಬ್ಯಾಗಿಗೆ ಸಲೀಸು. ಆದರೆ ಕೊನೆಯ ತುಂಡು ಬೆರಳಿನಷ್ಟು ಸಣ್ಣ, ಬಾಗುತ್ತದೆ. ನಾಲ್ಕು ತುಂಡಿನ ಅಲ್ಯೂಮಿನಿಯಂ ಕೋಲು ತಗೊಂಡೆ. ಕಾರ್ಬನ್ ಫೈಬರ್ ಇನ್ನೂ ಹಗುರ, ಆದರೆ ಆ ಅಂಗಡಿಯಲ್ಲಿ ಬೆಲೆ ಹತ್ತಿರ ಹತ್ತಿರ ಮೂರು ಪಟ್ಟು ಇತ್ತು. ನನ್ನ ಕೋಲಿಗೆ ನಾಲ್ಕು ಸಾವಿರದ ಇನ್ನೂರು ಆಯಿತು. ಕ್ಯಾಮೆರಾ ಬಾಗಿಸೋಕೆ ಕೋಲಿನ ಮೇಲೆ ಕೂರಿಸುವ ಹೆಡ್ಡಿಗೆ ಇನ್ನೊಂದು ಸಾವಿರದ ಎಂಟುನೂರು. ಎಲ್ಲ ಕಡೆಗೂ ಹೊರಳುವ ಬಾಲ್ ಹೆಡ್ ಬೇಡ ಅಂದೆ. ಭಾರದ ಲೆನ್ಸ್ ಹಾಕಿದಾಗ ಅದು ಪಕ್ಕಕ್ಕೆ ಮಗುಚುತ್ತದೆ. ನನ್ನದು ಮೇಲೆ ಕೆಳಗೆ ಮಾತ್ರ ಬಾಗುವ ಟಿಲ್ಟ್ ಹೆಡ್. ಪಕ್ಕಕ್ಕೆ ತಿರುಗಬೇಕಾದರೆ ಕೋಲನ್ನೇ ತಿರುಗಿಸಿದರಾಯಿತು. ಒಂದು ವಿಷಯ ಮುಂಚೆಯೇ ನೋಡಿಕೊಳ್ಳಿ. ಕೋಲಿನ ತುದಿಯ ಸ್ಕ್ರೂ ಕಾಲು (1/4) ಇಂಚಿನದೋ, 3/8 ಇಂಚಿನದೋ? ಹೆಡ್ಡುಗಳಿಗೆ ಸಾಮಾನ್ಯವಾಗಿ ದೊಡ್ಡದು, ಕ್ಯಾಮೆರಾಗೆ ಚಿಕ್ಕದು. ನನ್ನ ಕೋಲಿನ ಸ್ಕ್ರೂ ತಿರುಗಿಸಿ ಹಾಕಿದರೆ ಎರಡೂ ಸಿಗುತ್ತದೆ. ಇನ್ನೊಂದು, ದೊಡ್ಡ ಲೆನ್ಸಿಗೆ ಕಾಲರ್, ಅಂದರೆ ಸುತ್ತಲೂ ಹಿಡಿಯುವ ಬಳೆ, ಇದ್ದರೆ ಕೋಲನ್ನು ಅದಕ್ಕೇ ಹಾಕಿ. ಕ್ಯಾಮೆರಾ ತಳಕ್ಕೆ ಹಾಕಿದರೆ ಇಡೀ ಲೆನ್ಸು ಮುಂದಕ್ಕೆ ಜೋಲಿ ಹೊಡೆದು ಮೌಂಟಿನ ಮೇಲೆ, ಅಂದರೆ ಲೆನ್ಸು ಕ್ಯಾಮೆರಾಗೆ ಕೂಡುವ ಕಡೆ, ಭಾರ ಬೀಳುತ್ತದೆ.

ಇಷ್ಟೆಲ್ಲಾ ಆಗಿಯೂ ಮೊದಲ ತಿಂಗಳ ಫೋಟೋಗಳು ನನಗೆ ಸಮಾಧಾನ ಕೊಡಲಿಲ್ಲ. ಮೇಲೆ ಕೆಳಗಿನ ನಡುಕ ಹೋಗಿತ್ತು. ಅಕ್ಕಪಕ್ಕದ ತೂಗಾಟ ಹಾಗೇ ಇತ್ತು. ಕೋಲನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಕಾಲು ಜೋಡಿಸಿ ಅದರ ಹಿಂದೆ ನಿಲ್ಲುತ್ತಿದ್ದೆ.

ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲಿದೆ, ಸುಮಾರು 800 ಎಕರೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಬ್ಬ ಯಜಮಾನರು ಕುರಿ ಮೇಯಿಸುತ್ತಿದ್ದರು. ಕೋಲು ಊರಿಕೊಂಡು ನಿಂತಿದ್ದರು. ನಾನು ನೀರು ಕುಡಿಯುತ್ತಾ ಅಲ್ಲೇ ಕೂತೆ. ಅಷ್ಟು ಹೊತ್ತೂ ಅವರು ಅಲುಗಾಡಲಿಲ್ಲ.

‘ಅದೇನವ್ವಾ ಕೋಲು? ಕಾಲು ನೋವಾ?’ ಅಂತ ಕೇಳಿದರು.

‘ಇಲ್ಲ ಯಜಮಾನ್ರೇ, ಕ್ಯಾಮೆರಾಗೆ’ ಅಂದು ನಿಲ್ಲಿಸಿ ತೋರಿಸಿದೆ.

ನೋಡಿದರು. ‘ಹಂಗೆ ನೆಟ್ಟಗೆ ಊರಿದ್ರೆ ನಿಲ್ಲಕ್ಕಿಲ್ಲ ಕಣವ್ವ. ಒಸಿ ಮುಂದಕ್ಕೆ ಊರು. ಕಾಲು ಅಗಲಿಸು. ಮೈ ಭಾರ ಅದ್ರ ಮ್ಯಾಲೆ ಬಿಡು’ ಅಂದರು.

ಅವರು ನಿಂತ ರೀತಿಯನ್ನು ಸರಿಯಾಗಿ ನೋಡಿದೆ. ಕೋಲಿನ ತುದಿ ಅವರ ಪಾದಕ್ಕಿಂತ ಒಂದು ಮೊಳ ಮುಂದೆ. ಕಾಲು ಎರಡೂ ಹಿಂದೆ, ಅಗಲವಾಗಿ. ನೆಲದ ಮೇಲೆ ಗೆರೆ ಎಳೆದರೆ ಮೂರು ಮೂಲೆ. ಕೋಲು ಅವರ ಕಡೆಗೆ ವಾಲಿದೆ, ಅವರು ಕೋಲಿನ ಕಡೆಗೆ ವಾಲಿದ್ದಾರೆ. ಒಂದಕ್ಕೊಂದು ಆಸರೆ. ನನ್ನ ಕೋಲಿಗೆ ಬೇಕಾಗಿದ್ದ ಇನ್ನೆರಡು ಕಾಲು ನನ್ನವೇ ಆಗಿದ್ದವು. ಅವನ್ನು ನಾನು ಜೋಡಿಸಿಟ್ಟುಕೊಂಡಿದ್ದೆ.

ಅವತ್ತಿನಿಂದ ಹಾಗೇ ನಿಲ್ಲುತ್ತೇನೆ. ಎಡಗೈಯನ್ನು ಲೆನ್ಸಿನ ಮೇಲೆ ಇಟ್ಟು ಕೆಳಕ್ಕೆ ಒತ್ತುತ್ತೇನೆ. ಮೊಣಕೈ ಪಕ್ಕೆಗೆ, ಹುಬ್ಬು ಕ್ಯಾಮೆರಾಗೆ ತಾಗಿರುತ್ತದೆ. ಉಸಿರು ಅರ್ಧ ಬಿಟ್ಟ ಮೇಲೆ ಗುಂಡಿ ಒತ್ತುತ್ತೇನೆ. ಒಂದೇ ಫೋಟೋ ಅಲ್ಲ, ಒಟ್ಟಿಗೆ ಮೂರು. ಬೆರಳು ಒತ್ತುವಾಗಿನ ಅಲುಗಾಟ ಮೊದಲನೆಯದರಲ್ಲಿ ಹೋಗುತ್ತದೆ. ಎರಡನೆಯದು, ಮೂರನೆಯದು ಚೂಪಾಗಿ ಬರುತ್ತವೆ. ಅಲುಗಾಟ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡುವುದಿಲ್ಲ, ಯಾಕಂದರೆ ತೂಗಾಟ ಪೂರ್ತಿ ಹೋಗಿರುವುದಿಲ್ಲ. ಮರ, ಗೋಡೆ ಹತ್ತಿರ ಇದ್ದರೆ ಭುಜ ಒರಗಿಸುತ್ತೇನೆ.

ಲೆಕ್ಕ ಬೇಕಾದವರಿಗೆ: ನನ್ನ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಎಲ್ಲವೂ 1.5 ಪಟ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ. 300 ಎಂ.ಎಂ. ಲೆನ್ಸ್ ಅದರಲ್ಲಿ 450ರ ಹಾಗೆ ಕೆಲಸ ಮಾಡುತ್ತದೆ. ಸ್ಟೆಬಿಲೈಸರ್ ಲೆಕ್ಕ ಬಿಟ್ಟರೆ, ಕೈಯಲ್ಲಿ ಹಿಡಿದಾಗ ಶಟರ್ ವೇಗ 1/500 ಸೆಕೆಂಡಾದರೂ ಬೇಕು. ಕೋಲಿನ ಮೇಲೆ ಈಗ 1/125ರಲ್ಲಿ ಧೈರ್ಯವಾಗಿ ತೆಗೆಯುತ್ತೇನೆ. ಅಂದರೆ ನಾಲ್ಕು ಪಟ್ಟು ಬೆಳಕು. ಬೆಳಗಿನ ಹುಣಸೆ ನೆರಳಲ್ಲಿ ಐಎಸ್‌ಒ 1600 ಇಡುತ್ತಿದ್ದ ಕಡೆ 400 ಸಾಕು. ಈ ಅಂಕಿ ಏರಿಸಿದರೆ ಕಡಿಮೆ ಬೆಳಕಲ್ಲೂ ಫೋಟೋ ಬರುತ್ತದೆ, ಆದರೆ ಕಾಳುಕಾಳಾಗುತ್ತದೆ. ಕೊಕ್ಕರೆಯ ಬಾಲದ ಹತ್ತಿರ ಆ ನಸುಗೆಂಪು ಗರಿಗಳಿವೆಯಲ್ಲ, ಅವು ಕಾಳುಕಾಳಾಗದೆ ನುಣುಪಾಗಿ ಬರುವುದು ನನಗೆ ಎಷ್ಟು ಖುಷಿ ಕೊಟ್ಟಿತು ಹೇಳಲಾರೆ. ಆದರೆ ಹಕ್ಕಿ ಹಾರುವಾಗ, ಜಿಂಕೆ ನೆಗೆಯುವಾಗ ಶಟರ್ ವೇಗ 1/1000ಕ್ಕೂ ಮೇಲೆ ಬೇಕೇ ಬೇಕು. ಕೋಲು ನಮ್ಮ ಕೈಯನ್ನು ನಿಲ್ಲಿಸುತ್ತದೆ, ಪ್ರಾಣಿಯನ್ನಲ್ಲ.

ಸಿದ್ಧಗಂಗೆ ಜಾತ್ರೆಗೂ ತಗೊಂಡು ಹೋದೆ. ದನಗಳ ಜಾತ್ರೆಯ ಜನಸಂದಣಿಯಲ್ಲಿ ಟ್ರೈಪಾಡ್ ಇಡುವ ಮಾತೇ ಇಲ್ಲ. ಕೋಲಿಗೆ ಚಿಕ್ಕ ಲೆನ್ಸ್ ಹಾಕಿದ ಕ್ಯಾಮೆರಾ ಬಿಗಿದು, ತಲೆಯ ಮೇಲೆ ಎತ್ತಿ, ಫೋನಿನಿಂದ ಗುಂಡಿ ಒತ್ತಿದೆ. ಸಾಲು ಸಾಲು ಎತ್ತುಗಳ ಕೋಡು, ಮಧ್ಯೆ ಪೇಟ, ಟವೆಲ್. ಹೀಗೆ ಎತ್ತುವ ಮುಂಚೆ ದಯವಿಟ್ಟು ಮೇಲೆ ನೋಡಿ. ಜಾತ್ರೆಯಲ್ಲಿ ಕರೆಂಟಿನ ವೈರು ಎಲ್ಲೆಂದರಲ್ಲಿ ಜೋತಾಡುತ್ತಿರುತ್ತದೆ. ಅಲ್ಯೂಮಿನಿಯಂ ಕರೆಂಟ್ ಹಾಯಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ಕೂಡ ಹಾಯಿಸುತ್ತದೆ, ಅದು ತುಂಬಾ ಜನಕ್ಕೆ ಗೊತ್ತಿಲ್ಲ.

ಹಳೆಯ ದೇವಸ್ಥಾನಗಳ ಒಳಗೆ ಹೋಗುವಾಗ ಮೊದಲು ಕೇಳಿಕೊಳ್ಳುತ್ತೇನೆ. ಬೇಡ ಅಂದರೆ ಕೋಲು ಹೊರಗೆ.

ಮನೆಗೆ ಬಂದ ಮೇಲೆ ಒಂದು ಕೆಲಸ ತಪ್ಪಿಸುವುದಿಲ್ಲ. ಎಲ್ಲ ತುಂಡನ್ನೂ ಹೊರಗೆ ಎಳೆದು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಶಿರಾ ಕಡೆಯ ಸಣ್ಣ ಧೂಳು ಲಾಕಿನೊಳಗೆ ಕೂತರೆ ಗರಗರ ಅನ್ನುತ್ತದೆ, ಆಮೇಲೆ ಜಾರುತ್ತದೆ. ಎಣ್ಣೆ ಹಾಕುವುದಿಲ್ಲ. ಎಣ್ಣೆಗೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ.

ಹೋದ ಮಳೆಗಾಲದಲ್ಲಿ ಒಂದು ಕೆರೆ ಅಂಗಳದ ಕೆಸರಿನಲ್ಲಿ ಕೋಲಿನ ತುದಿಯ ರಬ್ಬರ್ ಕಳೆದುಹೋಯಿತು. ಬರೀ ಲೋಹದ ತುದಿ ಸಿಮೆಂಟಿನ ಮೇಲೆ ಜಾರುತ್ತಿತ್ತು. ಕಂಪನಿಯ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿಗೆ ಕೋಲನ್ನೇ ತಗೊಂಡು ಹೋಗಿ, ವಯಸ್ಸಾದವರ ಊರುಗೋಲಿಗೆ ಹಾಕುವ ರಬ್ಬರ್ ಬುಷ್ ಕೇಳಿದೆ. ಅವರ ಹತ್ತಿರ ಮೂರು ಅಳತೆ ಇದ್ದವು. ಮಧ್ಯದ್ದು ಬಿಗಿಯಾಗಿ ಕೂತಿತು. ತಳ ಅಗಲ ಇರುವುದರಿಂದ ಮೊದಲಿನದಕ್ಕಿಂತ ಚೆನ್ನಾಗಿ ನೆಲ ಹಿಡಿಯುತ್ತದೆ. ಈಗ ಬ್ಯಾಗಿನಲ್ಲಿ ಇನ್ನೊಂದು ಇಟ್ಟುಕೊಂಡಿದ್ದೇನೆ.