ಬೆಟ್ಟ ಅಂದರೆ ಎರಡು ತ್ರಿಕೋನ ಬರೆಯುವ ಮಕ್ಕಳಿಗೆ ರಟ್ಟಿನ ಕಿಂಡಿ

ಚಿಕ್ಕಮಗಳೂರು ಕಡೆಯ ಪ್ರೈಮರಿ ಟೀಚರ್‌ಗಳಿಗೆ: ಡ್ರಾಯಿಂಗ್ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಬೆಟ್ಟ ಬರೆದು ತೋರಿಸಬೇಡಿ. ಹಳೇ ನೋಟ್‌ಬುಕ್ಕಿನ ರಟ್ಟಿನಲ್ಲಿ 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಕಿಂಡಿ ಕತ್ತರಿಸಿ ಮಕ್ಕಳ ಕೈಗೆ ಕೊಡಿ (ಬ್ಲೇಡ್ ಕೆಲಸ ಮಾತ್ರ ನೀವೇ ಮಾಡಿ). ಹಾಳೆಯಲ್ಲಿ 24ಕ್ಕೆ 16 ಸೆಂ.ಮೀ. ಚೌಕಟ್ಟು ಹಾಕಿಸಿ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಕಿಂಡಿಯಲ್ಲಿ ಗಿರಿ ನೋಡಲಿ. ಬೆಟ್ಟದ ಅಂಚು ಕಿಂಡಿಯ ಎಡಗಡೆ ಎಲ್ಲಿ ಮುಟ್ಟುತ್ತದೆ, ಬಲಗಡೆ ಎಲ್ಲಿ? ಹಾಳೆಯ ಚೌಕಟ್ಟಿನಲ್ಲಿ ಮೊದಲು ಆ ಎರಡು ಚುಕ್ಕಿ, ಆಮೇಲೆ ಗೆರೆ. ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಲ್ಲಿ ಕೂತಿರುವ ಚಿತ್ರವನ್ನೇ ಜಾಸ್ತಿ ಬರೆಯುತ್ತಾರೆ. ಅದಕ್ಕೇ ಮುಳ್ಳಯ್ಯನಗಿರಿ ಎದುರಿಗಿದ್ದರೂ ಎರಡು ತ್ರಿಕೋನ, ನಡುವೆ ಸೂರ್ಯ ಬರುತ್ತದೆ, ಅಲ್ವಾ? ಕಿಂಡಿ ಇದ್ದರೆ ಹೋಲಿಸಿ ನೋಡಲು ಒಂದು ಅಳತೆ ಸಿಗುತ್ತದೆ. ನಾಲ್ಕು, ಐದನೇ ಕ್ಲಾಸಿಗೆ ಇದು ಸರಿ. ಒಂದು, ಎರಡನೇ ಕ್ಲಾಸಿನವರಿಗೆ ದಯವಿಟ್ಟು ಬೇಡ. ಅವರು ಸುಮ್ನೆ ಮನಸ್ಸಿಗೆ ಬಂದದ್ದು ಬರೆಯಲಿ, ಆ ವಯಸ್ಸಿಗೆ ಅದೇ ಚೆಂದ. ಕಿಂಡಿಯ ಅಳತೆಗೂ ಹಾಳೆಯ ಚೌಕಟ್ಟಿಗೂ ಹೊಂದಿಕೆ ತಪ್ಪಿದರೆ ಬೆಟ್ಟ ಎಳೆದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಮಂಜು ಮುಚ್ಚಿ ಬೆಟ್ಟವೇ ಕಾಣದಿದ್ದರೆ, ರಟ್ಟನ್ನೂ ಹಾಳೆಯನ್ನೂ ನಿಲುವಾಗಿ ತಿರುಗಿಸಿ ಹತ್ತಿರದ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಿಸಿ.